ನಿದ್ದೆ ಕೊಡಿ, ಮಾಸ್ಕ್ ಕೊಡಿ: ಮಹಾಮಾರಿಯ ಕಾಲದಲ್ಲಿ ನರ್ಸ್‌ಗಳ ಮನಸ್ಸು

ಕೊರೊನಾ ವೈರಸ್ ಇನ್ನೂ ಚೀನಾದಲ್ಲೇ ಹಬ್ಬುತ್ತಿದ್ದ ದಿನಗಳು. ಹುನಾನ್ ಪ್ರಾಂತ್ಯದ ಚಾಂಗ್‌ಶಾ ನಗರದ ಸೆಕೆಂಡ್ ಶಿಯಾಂಗ್ಯಾ ಆಸ್ಪತ್ರೆಯ ಮನೋವೈದ್ಯರು ತಮ್ಮ ಸಹೋದ್ಯೋಗಿಗಳಿಗಾಗಿ ತರಾತುರಿಯಲ್ಲಿ ಒಂದು ವ್ಯವಸ್ಥೆ ಮಾಡಿದರು. ಒತ್ತಡ ನಿಭಾಯಿಸಲು ಆನ್‌ಲೈನ್ ಪಾಠ, ದುಃಖ ಹೇಳಿಕೊಳ್ಳಲು ಸಹಾಯವಾಣಿ, ಗುಂಪಾಗಿ ಕೂತು ಮನಸ್ಸು ಹಗುರ ಮಾಡಿಕೊಳ್ಳುವ ಚಟುವಟಿಕೆ ಎಲ್ಲವೂ ಸಿದ್ಧವಾದವು. ಸಿಬ್ಬಂದಿ ಮಾತ್ರ ಮುಂದೆ ಬರಲಿಲ್ಲ. ನರ್ಸ್‌ಗಳು ಸಿಡುಕುತ್ತಿದ್ದರು, ಬಿಡುವು ತೆಗೆದುಕೊಳ್ಳಲು ಒಪ್ಪುತ್ತಿರಲಿಲ್ಲ, ಒಳಗಿನ ತಳಮಳ ಎದುರಿಗಿದ್ದವರಿಗೆ ಕಾಣುತ್ತಿತ್ತು. ಕೇಳಿದರೆ ತಮಗೇನೂ ತೊಂದರೆಯಿಲ್ಲ ಎನ್ನುತ್ತಿದ್ದರು.

ಮನೋವೈದ್ಯರು ಅಲ್ಲಿಗೇ ಕೈಬಿಡಲಿಲ್ಲ. 13 ಮಂದಿ ಸಿಬ್ಬಂದಿಯನ್ನು ಒಬ್ಬೊಬ್ಬರಾಗಿ ಅರ್ಧರ್ಧ ಗಂಟೆ ಮಾತನಾಡಿಸಿದರು. ಕೆಲಸಕ್ಕೆ ಇಳಿದ ಮೇಲೆ ಸೋಂಕಿನ ಭಯ ಅಷ್ಟಾಗಿ ಕಾಡುತ್ತಿಲ್ಲ, ಮನೆಯವರು ಗಾಬರಿಯಾಗುತ್ತಾರಲ್ಲ ಎಂಬುದು ಕಾಡುತ್ತಿದೆ; ಪ್ರತ್ಯೇಕವಾಗಿರಲು ಒಪ್ಪದೆ ಜಗಳಕ್ಕೆ ಬರುವ ರೋಗಿಗಳನ್ನು ಹೇಗೆ ಸಂಭಾಳಿಸಬೇಕೋ ತಿಳಿಯುತ್ತಿಲ್ಲ; ರಕ್ಷಣಾ ಸಾಮಗ್ರಿ ಮುಗಿದುಹೋದರೆ ಗತಿಯೇನು ಎಂಬ ಚಿಂತೆ ಇದೆ ಎಂದರು ಅವರು. ತಮಗೆ ಬೇಕಿರುವುದು ಮನೋವೈದ್ಯರಲ್ಲ, ಯಾರೂ ಎಬ್ಬಿಸದ ವಿಶ್ರಾಂತಿ ಮತ್ತು ಸಾಕಷ್ಟು ಮಾಸ್ಕು, ಗವಸು ಎಂದು ಅವರಲ್ಲಿ ಹಲವರು ನೇರವಾಗಿ ಹೇಳಿದರು. ಆಸ್ಪತ್ರೆ ಯೋಜನೆಯನ್ನೇ ಬದಲಿಸಿತು. ಮನೆಯಿಂದ ದೂರವಿದ್ದು ಮಲಗಲು ಜಾಗ ಮಾಡಿತು, ಊಟ ಮತ್ತು ದಿನಬಳಕೆಯ ಸಾಮಾನು ಒದಗಿಸಿತು, ಮನೆಯವರಿಗೆ ಕಳಿಸಲೆಂದು ಸಿಬ್ಬಂದಿಯ ದಿನಚರಿಯ ವಿಡಿಯೊ ಮಾಡಿಸಿತು, ಗಲಾಟೆ ಮಾಡುವ ರೋಗಿಗಳನ್ನು ನೋಡಿಕೊಳ್ಳಲು ಭದ್ರತಾ ಸಿಬ್ಬಂದಿಯನ್ನು ಗೊತ್ತುಮಾಡಿತು. ಆಪ್ತ ಸಮಾಲೋಚಕರು ಕೋಣೆಯಲ್ಲಿ ಕಾಯುವುದನ್ನು ಬಿಟ್ಟು, ನರ್ಸ್‌ಗಳು ದಣಿವಾರಿಸಿಕೊಳ್ಳುವಲ್ಲಿಗೇ ಹೋಗಿ ಅವರ ಮಾತಿಗೆ ಕಿವಿಗೊಟ್ಟರು.

ಈ ಅನುಭವವನ್ನು ವಿವರಿಸುವ ಪುಟ್ಟ ವರದಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ಯಲ್ಲಿ ಪ್ರಕಟವಾಯಿತು. ಆಮೇಲಿನ ವರ್ಷಗಳಲ್ಲಿ ನರ್ಸ್‌ಗಳ ಮಾನಸಿಕ ಆರೋಗ್ಯದ ಬಗ್ಗೆ ಲೋಕದ ತುಂಬ ಸಾವಿರಾರು ಪುಟ ಬರೆಯಲಾಯಿತು. ಅವುಗಳನ್ನೆಲ್ಲ ಓದುತ್ತ ಹೋದರೂ ಚಾಂಗ್‌ಶಾದ ನರ್ಸ್‌ಗಳ ಮಾತೇ ಮತ್ತೆ ಮತ್ತೆ ಎದುರಾಗುತ್ತದೆ. ಮಹಾಮಾರಿಯಲ್ಲಿ ನರ್ಸ್‌ಗಳ ಮನಸ್ಸನ್ನು ಹಣ್ಣು ಮಾಡಿದ ಸಂಗತಿಗಳಲ್ಲಿ ವೈರಸ್ಸಿನ ಪಾಲು ಒಂದಿಷ್ಟು. ಪಾಳಿ ಹಾಕುವ ಕ್ರಮ, ವಾರ್ಡಿನಲ್ಲಿರುವ ಕೈಗಳ ಸಂಖ್ಯೆ, ಸಂಬಳ, ಗುತ್ತಿಗೆ, ಮಾತಿಗೆ ಬೆಲೆಯಿಲ್ಲದ ಸ್ಥಾನ, ಇವುಗಳ ಪಾಲು ಅದಕ್ಕಿಂತ ದೊಡ್ಡದು.

ಮೊದಲು ಅಂಕಿಅಂಶ. 2020ರ ಮಾರ್ಚ್‌ನಲ್ಲಿ ‘ಜಾಮಾ ನೆಟ್‌ವರ್ಕ್ ಓಪನ್’ ಪತ್ರಿಕೆಯಲ್ಲಿ ಬಂದ ಸಮೀಕ್ಷೆ ಚೀನಾದ 34 ಆಸ್ಪತ್ರೆಗಳ 1,257 ಸಿಬ್ಬಂದಿಯನ್ನು ಪ್ರಶ್ನಿಸಿತ್ತು. ಅವರಲ್ಲಿ ಐವರಲ್ಲಿ ಮೂವರು ನರ್ಸ್‌ಗಳು. ಖಿನ್ನತೆಯ ಲಕ್ಷಣ ಶೇ 50ರಷ್ಟು ಮಂದಿಯಲ್ಲಿ, ಆತಂಕ ಶೇ 44ಕ್ಕೂ ಹೆಚ್ಚು ಮಂದಿಯಲ್ಲಿ, ನಿದ್ರಾಹೀನತೆ ಶೇ 34ರಲ್ಲಿ, ಯಾವುದಾದರೂ ರೂಪದ ಮಾನಸಿಕ ಸಂಕಟ ಶೇ 71ರಲ್ಲಿ ಕಂಡುಬಂತು. ಹೆಂಗಸರು, ನರ್ಸ್‌ಗಳು, ವುಹಾನ್‌ನಲ್ಲಿದ್ದವರು, ರೋಗಿಗಳನ್ನು ನೇರವಾಗಿ ಮುಟ್ಟಿ ಆರೈಕೆ ಮಾಡುವವರು ಉಳಿದವರಿಗಿಂತ ಹೆಚ್ಚು ನರಳುತ್ತಿದ್ದರು. ವುಹಾನ್ ಇರುವ ಹುಬೆ ಪ್ರಾಂತ್ಯಕ್ಕೆ ಚೀನಾದ ಬೇರೆ ಕಡೆಗಳಿಂದ ಕಳಿಸಿದ ಸುಮಾರು 42 ಸಾವಿರ ವೈದ್ಯಕೀಯ ಸಿಬ್ಬಂದಿಯಲ್ಲಿ 28 ಸಾವಿರಕ್ಕೂ ಹೆಚ್ಚು ಜನ ನರ್ಸ್‌ಗಳೇ ಆಗಿದ್ದರು ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು.

ಇಂಗ್ಲೆಂಡಿನ ಚಿತ್ರ ಇನ್ನೂ ಕಠೋರ. 2020ರ ಜೂನ್ ಮತ್ತು ಜುಲೈನಲ್ಲಿ, ಅಂದರೆ ಮೊದಲ ಅಲೆ ಇಳಿದ ಮೇಲೆ, ಒಂಬತ್ತು ತೀವ್ರ ನಿಗಾ ಘಟಕಗಳ 709 ಸಿಬ್ಬಂದಿಯನ್ನು ಮನೋವೈದ್ಯ ನೀಲ್ ಗ್ರೀನ್‌ಬರ್ಗ್ ಮತ್ತು ಸಂಗಡಿಗರು ಸಮೀಕ್ಷಿಸಿದರು. ಸುಮಾರು ಶೇ 40 ಮಂದಿಯಲ್ಲಿ ಆಘಾತೋತ್ತರ ಒತ್ತಡದ ಲಕ್ಷಣಗಳಿದ್ದವು. ಯುದ್ಧದಿಂದ ಮರಳಿದ ಸೈನಿಕರಲ್ಲಿ ಕಾಣುವಂಥ ಲಕ್ಷಣಗಳು ಅವು: ನಡುರಾತ್ರಿ ಬೆಚ್ಚಿ ಏಳುವುದು, ನೋಡಿದ್ದೇ ಮತ್ತೆ ಮತ್ತೆ ಕಣ್ಮುಂದೆ ಬರುವುದು, ಆ ಜಾಗದ ಹತ್ತಿರ ಹೋಗಲೂ ಹಿಂಜರಿಯುವುದು. ಸತ್ತರೆ ಒಳ್ಳೆಯದಿತ್ತು ಅಥವಾ ತನಗೆ ತಾನೇ ಏನಾದರೂ ಮಾಡಿಕೊಳ್ಳಬೇಕು ಎಂಬ ಯೋಚನೆ ಹಿಂದಿನ ಎರಡು ವಾರದಲ್ಲಿ ಬಂದಿತ್ತು ಎಂದವರು ವೈದ್ಯರಲ್ಲಿ ಶೇ 8, ನರ್ಸ್‌ಗಳಲ್ಲಿ ಶೇ 19. ಒಂದೇ ಘಟಕ, ಅದೇ ರೋಗಿಗಳು. ಆದರೂ ಇಷ್ಟು ಅಂತರ.

ಭಾರತದಲ್ಲಿ ಇಷ್ಟು ಅಚ್ಚುಕಟ್ಟಾದ ಅಧ್ಯಯನಗಳು ಕಡಿಮೆ. ದೇಶದ 2,026 ಆರೋಗ್ಯ ಸಿಬ್ಬಂದಿಯ ನಡುವೆ ನಡೆದ 2020ರ ಒಂದು ಸಮೀಕ್ಷೆಯಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಮಹಾಮಾರಿಯಿಂದಾಗಿ ಪೂರ್ತಿ ಬತ್ತಿಹೋದ (ಬರ್ನ್‌ಔಟ್) ಸ್ಥಿತಿಯಲ್ಲಿದ್ದುದು ಕಂಡುಬಂತು.

ಇಂಥ ಸಂಖ್ಯೆಗಳನ್ನು ಎಚ್ಚರದಿಂದ ಓದಬೇಕು. ಬಹುಪಾಲು ಸಮೀಕ್ಷೆಗಳು ಮೊಬೈಲಿಗೆ ಬಂದ ಪ್ರಶ್ನಾವಳಿಗೆ ಸಿಬ್ಬಂದಿಯೇ ತುಂಬಿದ ಉತ್ತರಗಳು. ತೀರಾ ಬಳಲಿದವರು ಪ್ರಶ್ನಾವಳಿ ತೆರೆದೇ ಇರುವುದಿಲ್ಲ. ನೋವು ತೋಡಿಕೊಳ್ಳಲು ದಾರಿ ಹುಡುಕುತ್ತಿದ್ದವರು ಮೊದಲು ತುಂಬಿರುತ್ತಾರೆ. ಲಕ್ಷಣ ಇದ್ದ ಮಾತ್ರಕ್ಕೆ ಕಾಯಿಲೆ ಇದೆಯೆಂದೂ ಅಲ್ಲ. 2020ರಲ್ಲೇ 13 ಅಧ್ಯಯನಗಳ 33 ಸಾವಿರ ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಆತಂಕ ಮತ್ತು ಖಿನ್ನತೆಯ ಪ್ರಮಾಣ ಸರಿಸುಮಾರು ನಾಲ್ಕರಲ್ಲೊಬ್ಬರಿಗೆ ಇಳಿಯಿತು. ಒಂದು ಸಂಗತಿ ಮಾತ್ರ ಯಾವ ಅಳತೆಗೋಲು ಹಿಡಿದರೂ ಬದಲಾಗಲಿಲ್ಲ: ನರ್ಸ್‌ಗಳ ಪಾಲು ಹೆಚ್ಚು, ಅದರಲ್ಲೂ ಹೆಂಗಸರದ್ದು.

ಇನ್ನೊಂದು ಎಚ್ಚರವೂ ಬೇಕು. ಎಲ್ಲವನ್ನೂ ಕೋವಿಡ್ ತಲೆಗೆ ಕಟ್ಟಿದರೆ ತಪ್ಪಾಗುತ್ತದೆ. ಅಮೆರಿಕದಲ್ಲಿ ಮಹಾಮಾರಿಗೆ ಮೊದಲೇ, 2017–18ರಲ್ಲಿ, ಮಹಿಳಾ ನರ್ಸ್‌ಗಳ ಆತ್ಮಹತ್ಯೆಯ ಪ್ರಮಾಣ ಸಾಮಾನ್ಯ ಮಹಿಳೆಯರ ಪ್ರಮಾಣದ ಎರಡು ಪಟ್ಟು ಇತ್ತು ಎಂದು ‘ಜಾಮಾ ಸೈಕಿಯಾಟ್ರಿ’ಯ ಅಧ್ಯಯನವೊಂದು ತೋರಿಸಿದೆ. ಕರುಣೆ ಬತ್ತುವಷ್ಟು ದಣಿಯುವ ಸ್ಥಿತಿಯ ಬಗ್ಗೆ ಕಾರ್ಲಾ ಜಾಯಿನ್ಸನ್ ಬರೆದದ್ದು 1992ರಲ್ಲಿ, ಅದೂ ನರ್ಸ್‌ಗಳನ್ನು ಕುರಿತೇ. ಮಹಾಮಾರಿ ಬಂದೆರಗಿದ್ದು ಮೊದಲೇ ಸೋತಿದ್ದ ಹೆಗಲುಗಳ ಮೇಲೆ.

ಸಾಂಕ್ರಾಮಿಕ ನರ್ಸ್‌ಗಳ ಮನಸ್ಸನ್ನು ಹಣ್ಣು ಮಾಡುತ್ತದೆ ಎಂಬ ಎಚ್ಚರಿಕೆ ಮೊದಲೇ ಸಿಕ್ಕಿತ್ತು ಎಂಬುದು ಹೆಚ್ಚು ನೋವಿನ ಸಂಗತಿ. 2003ರಲ್ಲಿ ಸಾರ್ಸ್ ಕೆನಡಾದ ಟೊರಾಂಟೊ ನಗರವನ್ನು ಹೊಕ್ಕಿತು. ಅಲ್ಲಿ ಸೋಂಕು ಹರಡಿದ್ದು ಮುಖ್ಯವಾಗಿ ಆಸ್ಪತ್ರೆಗಳೊಳಗೇ. ಇಬ್ಬರು ನರ್ಸ್‌ಗಳು, ಒಬ್ಬ ವೈದ್ಯರು ಪ್ರಾಣ ಕಳೆದುಕೊಂಡರು. ರಾಬರ್ಟ್ ಮೌಂಡರ್ ಎಂಬ ಮನೋವೈದ್ಯರು ತಮ್ಮ ತಂಡದೊಂದಿಗೆ, ಸಾರ್ಸ್ ಮುಗಿದು ಒಂದರಿಂದ ಎರಡು ವರ್ಷದ ನಂತರ, ಟೊರಾಂಟೊದ ಸಿಬ್ಬಂದಿಯನ್ನು ಸಾರ್ಸ್ ತಟ್ಟದ ಪಕ್ಕದ ಹ್ಯಾಮಿಲ್ಟನ್ ನಗರದ ಸಿಬ್ಬಂದಿಯ ಜೊತೆ ಹೋಲಿಸಿ ನೋಡಿದರು. ಕೆಲಸದಲ್ಲಿ ಪೂರ್ತಿ ಬತ್ತಿಹೋದವರು ಟೊರಾಂಟೊದಲ್ಲಿ ಶೇ 30, ಹ್ಯಾಮಿಲ್ಟನ್‌ನಲ್ಲಿ ಶೇ 19. ಮಾನಸಿಕ ಸಂಕಟ ಶೇ 45, ಶೇ 30. ರೋಗಿಗಳು ಗುಣವಾಗಿ ಮನೆಗೆ ಹೋದರು, ಊರು ಮರೆಯಿತು. ನರ್ಸ್‌ಗಳ ಒಳಗೆ ಅದು ಉಳಿಯಿತು. ತಕ್ಕ ತರಬೇತಿ, ರಕ್ಷಣೆ, ಬೆಂಬಲ ಸಿಕ್ಕಿತೆಂದು ಅನ್ನಿಸಿದವರು ಕಡಿಮೆ ನರಳಿದರು ಎಂಬುದೂ ಅದೇ ಅಧ್ಯಯನದ ಶೋಧ. ನ್ಯಾಯಮೂರ್ತಿ ಆರ್ಚಿ ಕ್ಯಾಂಪ್‌ಬೆಲ್ ಅವರ ವಿಚಾರಣಾ ಆಯೋಗ ಇದರ ಆಚೆಗೂ ಹೋಯಿತು. ವೈಜ್ಞಾನಿಕ ಖಚಿತತೆಗಾಗಿ ಕಾಯದೆ, ಅಪಾಯದ ಅನುಮಾನ ಬಂದಾಗಲೇ ಸಿಬ್ಬಂದಿಗೆ ರಕ್ಷಣೆ ಕೊಡಬೇಕು ಎಂಬುದು ಅದರ ಶಿಫಾರಸಿನ ತಿರುಳು. ಅದಾಗಿ ಹದಿಮೂರು, ಹದಿನಾಲ್ಕು ವರ್ಷಕ್ಕೆ ಕೋವಿಡ್ ಬಂದಾಗ ಜಗತ್ತಿನ ಅನೇಕ ಶ್ರೀಮಂತ ದೇಶಗಳ ನರ್ಸ್‌ಗಳೂ ಹಳೆಯ ಮಾಸ್ಕನ್ನೇ ಮತ್ತೆ ಮತ್ತೆ ಬಳಸುತ್ತಿದ್ದರು.

ನಮ್ಮ ಪಕ್ಕದಲ್ಲೇ ಇನ್ನೊಂದು ಮುನ್ಸೂಚನೆ ಇತ್ತು. 2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಯಲ್ಲಿ ನಿಪಾ ಕಾಣಿಸಿಕೊಂಡಾಗ, ಪೆರಾಂಬ್ರ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ರೋಗಿಗಳನ್ನು ನೋಡಿಕೊಂಡ ನರ್ಸ್ ಲಿನಿ ಪುದುಶ್ಶೇರಿ ಮೇ 21ರಂದು ಅದೇ ಸೋಂಕಿನಿಂದ ತೀರಿಕೊಂಡರು. ಗಲ್ಫ್‌ನಲ್ಲಿದ್ದ ಗಂಡನಿಗೆ ಅವರು ಆಸ್ಪತ್ರೆಯ ಹಾಸಿಗೆಯಿಂದ ಬರೆದ ಚೀಟಿಯಲ್ಲಿ ಇದ್ದದ್ದು ಇಬ್ಬರು ಎಳೆಯ ಮಕ್ಕಳ ಚಿಂತೆ. ಸೋಂಕಿನ ಭಯದಿಂದ ಮನೆಯವರಿಗೆ ಹತ್ತಿರದಿಂದ ಬೀಳ್ಕೊಡಲೂ ಆಗಲಿಲ್ಲ. ದಕ್ಷಿಣ ಭಾರತದ ಪ್ರತಿ ವಾರ್ಡಿನಲ್ಲೂ ಆ ಚೀಟಿಯ ಸುದ್ದಿ ಗೊತ್ತಿತ್ತು. ಎರಡು ವರ್ಷದ ನಂತರ ಕೋವಿಡ್ ಡ್ಯೂಟಿಯ ಪಟ್ಟಿಯಲ್ಲಿ ತಮ್ಮ ಹೆಸರು ನೋಡಿದವರ ಎದೆಯಲ್ಲಿ ಏನು ಓಡಿರಬಹುದು ಎಂಬುದನ್ನು ಊಹಿಸಲು ಪ್ರಶ್ನಾವಳಿ ಬೇಕಿಲ್ಲ.

ಮನೆಗೆ ರೋಗ ತಂದುಬಿಡುತ್ತೇನೇನೋ ಎಂಬ ಭಯ ಹಲವು ದೇಶಗಳ ಅಧ್ಯಯನಗಳಲ್ಲಿ ಮುಂಚೂಣಿಯಲ್ಲಿದೆ. 2020ರ ಏಪ್ರಿಲ್‌ನಲ್ಲಿ ಬೆಳಗಾವಿಯ ಒಂದು ವಿಡಿಯೊ ಕರ್ನಾಟಕದ ಮನೆಮನೆಯಲ್ಲೂ ಕಣ್ಣೀರು ತರಿಸಿತು. ಜಿಲ್ಲಾಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿ ದುಡಿಯುತ್ತ ಮನೆಯಿಂದ ದೂರ ಉಳಿದಿದ್ದ ನರ್ಸ್ ಒಬ್ಬರ ಪುಟ್ಟ ಮಗಳು ಅಪ್ಪನ ಬೈಕಿನ ಮೇಲೆ ಕೂತು ಅಮ್ಮನಿಗಾಗಿ ಬಿಕ್ಕುತ್ತಿದ್ದಳು. ತಾಯಿ ದೂರದಲ್ಲೇ ನಿಂತು ಅಳುತ್ತಿದ್ದರು. ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಆ ತಾಯಿಗೆ ಫೋನ್ ಮಾಡಿ ಧೈರ್ಯ ಹೇಳಿದರು. ಆ ಕರೆ ಒಬ್ಬರಿಗೆ ಸಿಕ್ಕಿತು. ಹಾಲು ಕುಡಿಯುವ ಕೂಸನ್ನು ಅಜ್ಜಿಯ ಕೈಗಿತ್ತು ಬಂದವರು, ವಯಸ್ಸಾದ ಅತ್ತೆ ಮಾವ ಇರುವ ಎರಡು ಕೋಣೆಯ ಮನೆಗೆ ಹಿಂತಿರುಗಬೇಕಾದವರು ಬೀದರ್‌ನಿಂದ ಕೊಡಗಿನವರೆಗೆ ಇದ್ದರು. 2020ರ ಮೇ 15ರಂದು ಕೇಂದ್ರ ಆರೋಗ್ಯ ಸಚಿವಾಲಯ ಕೋವಿಡ್ ಪಾಳಿ ಮುಗಿಸಿದವರಿಗೆಲ್ಲ ಕ್ವಾರಂಟೈನ್ ಅಗತ್ಯವಿಲ್ಲ, ಹೆಚ್ಚಿನ ಅಪಾಯಕ್ಕೆ ಒಡ್ಡಿಕೊಂಡವರಿಗಷ್ಟೇ ಸಾಕು ಎಂದು ನಿಯಮ ಸಡಿಲಿಸಿದಾಗ ಈ ಭಯ ಹೆಚ್ಚಿತು. ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಸಿಬ್ಬಂದಿಯ ಸಂಬಳ ಮತ್ತು ಉಳಿದುಕೊಳ್ಳುವ ವ್ಯವಸ್ಥೆಯ ಬಗ್ಗೆ ಜೂನ್‌ನಲ್ಲಿ ನಿರ್ದೇಶನ ಹೊರಬಿತ್ತು.

ಪಿಪಿಇ ಕಿಟ್ ಒಳಗಿನ ಆರು ಗಂಟೆಯ ಬಗ್ಗೆ ಹೊರಗಿನವರಿಗೆ ತಿಳಿದದ್ದು ಕಡಿಮೆ. ಒಮ್ಮೆ ತೊಟ್ಟರೆ ನೀರು ಕುಡಿಯುವಂತಿಲ್ಲ, ಶೌಚಕ್ಕೆ ಹೋಗುವಂತಿಲ್ಲ. ಒಳಗೆಲ್ಲ ಬೆವರು, ಕನ್ನಡಕಕ್ಕೆ ಮಂಜು, ಮೂಗಿನ ಮೇಲೆ ಗಾಯ. ಮುಟ್ಟಿನ ದಿನಗಳಲ್ಲಿ ಈ ಹಿಂಸೆ ಎರಡರಷ್ಟು. ಹುಬೆಯ ಆಸ್ಪತ್ರೆಗಳಿಗೆ ಸ್ಯಾನಿಟರಿ ಪ್ಯಾಡ್ ಕಳಿಸಲು ಸ್ವಯಂಸೇವಕಿಯರೇ ಅಭಿಯಾನ ನಡೆಸಬೇಕಾಯಿತು. ತುರ್ತು ಸಾಮಗ್ರಿಗಳ ಪಟ್ಟಿಯಲ್ಲಿ ಅದು ಯಾರಿಗೂ ನೆನಪಾಗಿರಲಿಲ್ಲ. ದೆಹಲಿಯ ಏಮ್ಸ್ ನರ್ಸ್‌ಗಳು 2020ರ ಜೂನ್‌ನಲ್ಲಿ ಪ್ರತಿಭಟನೆಗೆ ಇಳಿದಾಗ ಅವರ ಮುಖ್ಯ ಬೇಡಿಕೆಗಳಲ್ಲೊಂದು ಪಿಪಿಇ ತೊಟ್ಟ ಪಾಳಿಯನ್ನು ನಾಲ್ಕು ಗಂಟೆಗೆ ಇಳಿಸಬೇಕೆಂಬುದಾಗಿತ್ತು. ಮಾನಸಿಕ ಆರೋಗ್ಯದ ಬೇಡಿಕೆ ಅಂತ ಅದನ್ನು ಯಾರೂ ಕರೆಯಲಿಲ್ಲ. ನಿಜಕ್ಕೂ ಅದು ಅದೇ ಆಗಿತ್ತು.

ಸಾವಿನ ಹತ್ತಿರ ನಿಲ್ಲುವುದು ನರ್ಸ್‌ಗಳಿಗೆ ಹೊಸತಲ್ಲ. ಕೋವಿಡ್ ಬದಲಾಯಿಸಿದ್ದು ಸಾವಿನ ರೀತಿಯನ್ನು. ಮಕ್ಕಳು, ಮಡದಿ ಯಾರೂ ಒಳಗೆ ಬರುವಂತಿಲ್ಲ. ಕೊನೆಯ ಮಾತನ್ನು ಮೊಬೈಲ್ ಪರದೆ ಹಿಡಿದು ಕೇಳಿಸುವವರು ನರ್ಸ್, ಬಾಯಿಗೆ ನೀರು ಬಿಡುವವರು ನರ್ಸ್, ಹೊರಗೆ ಕಾಯುತ್ತಿರುವವರಿಗೆ ಸುದ್ದಿ ಮುಟ್ಟಿಸುವ ಸಂಕಟಕ್ಕೂ ಹಲವು ಬಾರಿ ಅವರೇ ಹೆಗಲು ಕೊಡಬೇಕು. ಅದಾದ ಹತ್ತು ನಿಮಿಷಕ್ಕೆ ಪಕ್ಕದ ಹಾಸಿಗೆಯ ಆಮ್ಲಜನಕದ ಮಟ್ಟ ನೋಡಬೇಕು. ಅಳಲು ಸಮಯವಿಲ್ಲ, ಕಿಟ್ ಒಳಗೆ ಕಣ್ಣೊರೆಸಿಕೊಳ್ಳಲೂ ಬರುವುದಿಲ್ಲ.

ಇದಕ್ಕಿಂತ ಆಳದ ಗಾಯವೊಂದಿದೆ. ಮಾಡಬೇಕಾದದ್ದು ಏನೆಂದು ಚೆನ್ನಾಗಿ ಗೊತ್ತಿದ್ದೂ ಅದನ್ನು ಮಾಡಲಾಗದಂತೆ ವ್ಯವಸ್ಥೆ ಕೈಕಟ್ಟಿದಾಗ ಹುಟ್ಟುವ ನೈತಿಕ ಸಂಕಟ. ಅಮೆರಿಕದ ತತ್ವಶಾಸ್ತ್ರಜ್ಞ ಆಂಡ್ರ್ಯೂ ಜೇಮಟನ್ 1984ರಲ್ಲಿ ನರ್ಸ್‌ಗಳ ವೃತ್ತಿನೀತಿ ಕುರಿತು ಬರೆದ ಪುಸ್ತಕದಲ್ಲಿ ಇದನ್ನು ಗುರುತಿಸಿದರು. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ನಡೆದದ್ದನ್ನು ನೆನೆದರೆ ಇದರ ಅರ್ಥ ತಿಳಿಯುತ್ತದೆ. ಆಮ್ಲಜನಕ ಮುಗಿಯುತ್ತ ಬಂದು, ಒಂದು ದಿನದ ಅವಧಿಯಲ್ಲಿ 24 ರೋಗಿಗಳು ಸತ್ತರೆಂಬುದು ಮೊದಲು ಹೊರಬಂದ ಲೆಕ್ಕ. ಹೈಕೋರ್ಟ್ ನಿರ್ದೇಶನದ ಮೇಲೆ ರಚನೆಯಾದ ಸಮಿತಿ ಆಮ್ಲಜನಕದ ಕೊರತೆಯನ್ನು ದೃಢಪಡಿಸಿತು. ತನಿಖೆ, ಪರಿಹಾರ, ರಾಜಕೀಯ ಆರೋಪ ಪ್ರತ್ಯಾರೋಪ ಎಲ್ಲ ನಡೆದವು, ಸತ್ತವರ ಮನೆಯವರ ನೋವು ಇಂದಿಗೂ ಆರಿಲ್ಲ. ಆ ರಾತ್ರಿ ಪಾಳಿಯಲ್ಲಿದ್ದವರ ಬಗ್ಗೆ ಮಾತ್ರ ಸಾರ್ವಜನಿಕ ಚರ್ಚೆಯಲ್ಲಿ ಒಂದು ಸಾಲೂ ಕಾಣುವುದಿಲ್ಲ. ಸಿಲಿಂಡರ್ ತರಿಸುವುದು ಅವರ ಕೈಯಲ್ಲಿರಲಿಲ್ಲ. ಹಾಸಿಗೆಯ ಪಕ್ಕ ನಿಂತದ್ದು ಅವರು.

ಇದರ ಮೇಲೆ ಬೀದಿಯ ವೈರ. ಬಾಡಿಗೆ ಮನೆ ಖಾಲಿ ಮಾಡಿಸಿದ, ಲಿಫ್ಟ್ ಹತ್ತಲು ಬಿಡದ, ಅಂಗಡಿಯಲ್ಲಿ ದೂರ ನಿಲ್ಲಿಸಿದ ಪ್ರಸಂಗಗಳು ದೇಶದ ಉದ್ದಗಲಕ್ಕೂ ವರದಿಯಾದವು. ದೆಹಲಿ ಸರ್ಕಾರ 2020ರ ಮಾರ್ಚ್‌ನಲ್ಲೇ ಇಂಥ ಮನೆಮಾಲೀಕರ ವಿರುದ್ಧ ಕ್ರಮದ ಆದೇಶ ಹೊರಡಿಸಬೇಕಾಯಿತು. ಏಪ್ರಿಲ್ 22ರಂದು ಕೇಂದ್ರ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದು, ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಐದು ವರ್ಷದವರೆಗೆ, ತೀವ್ರ ಗಾಯವಾದರೆ ಏಳು ವರ್ಷದವರೆಗೆ ಜೈಲು ಶಿಕ್ಷೆ ಗೊತ್ತುಮಾಡಿತು. ಮೇ ತಿಂಗಳಲ್ಲಿ ಕೋಲ್ಕತ್ತದ ಖಾಸಗಿ ಆಸ್ಪತ್ರೆಗಳಲ್ಲಿದ್ದ ಮಣಿಪುರದ ಸುಮಾರು ಮುನ್ನೂರು ನರ್ಸ್‌ಗಳು ಕೆಲಸ ಬಿಟ್ಟು ಊರಿಗೆ ಹೊರಟುಹೋದರು. ಮುಖಚಹರೆ ನೋಡಿ ‘ಕೊರೊನಾ’ ಎಂದು ಕರೆಯುವುದು, ಸರಿಯಾದ ರಕ್ಷಣಾ ಸಾಮಗ್ರಿ ಇಲ್ಲದಿರುವುದು, ಸಂಬಳದ ತಕರಾರು ಇವು ಅವರು ಕೊಟ್ಟ ಕಾರಣಗಳು. ಹೋದದ್ದು ಹೇಡಿತನವೆಂದು ಕೆಲವರು ಬೈದರು. ಬಾಡಿಗೆಗೆ ಮನೆ ಕೊಡದ ಊರಿಗಾಗಿ ಪ್ರಾಣ ಕೊಡಬೇಕೆಂದು ಬಯಸುವ ಹಕ್ಕು ಯಾರಿಗೂ ಇಲ್ಲ.

ಇಲ್ಲಿಂದ ಪ್ರಶ್ನೆ ಮನಸ್ಸಿನಿಂದ ಲೆಕ್ಕದ ಪುಸ್ತಕಕ್ಕೆ ಹೊರಳುತ್ತದೆ, ಹೊರಳಲೇಬೇಕು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲಿಂಡಾ ಏಕನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಶುಶ್ರೂಷೆಯ ಜಗತ್ತಿನಲ್ಲಿ ಹೆಸರುವಾಸಿ. ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಸಂಖ್ಯೆ ಒಂದು ಹೆಚ್ಚಿದಂತೆಲ್ಲ, ಶಸ್ತ್ರಚಿಕಿತ್ಸೆಯ ರೋಗಿಗಳು ಮೂವತ್ತು ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು, ಆ ನರ್ಸ್ ಪೂರ್ತಿ ಬತ್ತಿಹೋಗುವ ಸಂಭವ ಶೇ 23ರಷ್ಟು ಏರುತ್ತದೆ. ನರ್ಸ್ ಮನಸ್ಸಿಗೂ ರೋಗಿಯ ಪ್ರಾಣಕ್ಕೂ ಒಂದೇ ದಾರ. ಕ್ಯಾಲಿಫೋರ್ನಿಯಾ ರಾಜ್ಯ 2004ರಿಂದ ವಾರ್ಡ್‌ವಾರು ಅನುಪಾತವನ್ನು ಕಾನೂನಿನ ಮೂಲಕವೇ ಕಡ್ಡಾಯ ಮಾಡಿದೆ. ತೀವ್ರ ನಿಗಾ ಘಟಕದಲ್ಲಿ ಇಬ್ಬರು ರೋಗಿಗಳಿಗೆ ಒಬ್ಬ ನರ್ಸ್.

ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಕಾಗದದ ಮೇಲೆ ಇದಕ್ಕಿಂತ ಉದಾರ: ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬರು, ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರಿಗೆ ಒಬ್ಬರು, ಉಳಿದ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು. ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಒಂದು ರಾತ್ರಿ ಕಳೆದ ಯಾರಿಗಾದರೂ ಈ ಲೆಕ್ಕ ಎಷ್ಟು ದೂರದ್ದೆಂದು ಗೊತ್ತು. ಸಾವಿರ ಜನಸಂಖ್ಯೆಗೆ ಮೂವರು ನರ್ಸ್‌ಗಳಿರಬೇಕು ಎಂಬ ಅಂತರರಾಷ್ಟ್ರೀಯ ಅಳತೆಗೆ ಎದುರಾಗಿ ಭಾರತದಲ್ಲಿ ಇರುವುದು ಇಬ್ಬರ ಆಸುಪಾಸು. ಇರುವವರಲ್ಲೂ ದೊಡ್ಡ ಪಾಲು ಗುತ್ತಿಗೆ, ಹೊರಗುತ್ತಿಗೆಯವರು. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಸಂಬಳದ ಬಗ್ಗೆ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಕೊಟ್ಟ ಆದೇಶದಂತೆ ರಚನೆಯಾದ ತಜ್ಞರ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20 ಸಾವಿರ ರೂಪಾಯಿಗಿಂತ ಕಡಿಮೆ ಇರಬಾರದು, 200ಕ್ಕೂ ಹೆಚ್ಚು ಹಾಸಿಗೆಗಳಿದ್ದರೆ ಸರ್ಕಾರಿ ನರ್ಸ್‌ಗಳಿಗೆ ಸಮನಾಗಿ ಕೊಡಬೇಕು ಎಂದಿತು. ಶಿಫಾರಸು ಹೊರಬಂದು ನಾಲ್ಕು ವರ್ಷಕ್ಕೆ ಕೋವಿಡ್ ಬಂತು. ಆಗಲೂ ಅನೇಕ ಕಡೆ ಅರ್ಧ ಸಂಬಳಕ್ಕೆ ಸಹಿ ಹಾಕಿ ಪಾಳಿಗೆ ಹೋಗುವವರು ಇದ್ದರು. 2020ರ ಸೆಪ್ಟೆಂಬರ್‌ನಲ್ಲಿ, ಕರ್ನಾಟಕದಲ್ಲಿ ಸೋಂಕು ತುತ್ತತುದಿಯ ಹತ್ತಿರವಿದ್ದಾಗಲೇ, ರಾಷ್ಟ್ರೀಯ ಆರೋಗ್ಯ ಅಭಿಯಾನದ ಸಾವಿರಾರು ಗುತ್ತಿಗೆ ಸಿಬ್ಬಂದಿ ಸಮಾನ ವೇತನ ಮತ್ತು ಸೇವಾ ಭದ್ರತೆ ಕೇಳಿ ಮುಷ್ಕರ ಹೂಡಿದರು. ಮುಂದಿನ ತಿಂಗಳು ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದವರಿಗೆ ಧ್ಯಾನದ ಆ್ಯಪ್ ಹಂಚಿದರೆ ನಿದ್ದೆ ಬರುವುದಿಲ್ಲ.

ಆ ದಿನಗಳಲ್ಲಿ ಮೆಚ್ಚುಗೆಗೆ ಕೊರತೆ ಇರಲಿಲ್ಲ. ತಟ್ಟೆ ಬಾರಿಸಿದರು, ದೀಪ ಹಚ್ಚಿದರು, ಹೆಲಿಕಾಪ್ಟರ್‌ಗಳು ಆಸ್ಪತ್ರೆಗಳ ಮೇಲೆ ಹೂವು ಸುರಿಸಿದವು. ಜನ ಮನಸಾರೆ ಮಾಡಿದ್ದು ಅದು. ಅನೇಕ ನರ್ಸ್‌ಗಳಿಗೆ ಅದರಿಂದ ಹುರುಪು ಬಂದದ್ದೂ ನಿಜ. ಆದರೆ ‘ಕೊರೊನಾ ಯೋಧ’ ಎಂಬ ಬಿರುದಿಗೆ ಒಂದು ಬೆಲೆ ಇದೆ. ಯೋಧರಾದವರು ಹೆದರಬಾರದು, ಸಾಕಾಯಿತು ಎನ್ನಬಾರದು, ಸಂಬಳ ಕೇಳಬಾರದು. ಬ್ರಿಟನ್ನಿನಲ್ಲಿ ವಾರ ವಾರವೂ ಮನೆ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದ ಸರ್ಕಾರ 2021ರಲ್ಲಿ ಮೊದಲು ಪ್ರಸ್ತಾಪಿಸಿದ ಸಂಬಳ ಏರಿಕೆ ಶೇ 1. ಅಂದಿನ ಪ್ರಧಾನಿ ಬೋರಿಸ್ ಜಾನ್ಸನ್ ಕೋವಿಡ್‌ನಿಂದ ಐಸಿಯುನಲ್ಲಿದ್ದಾಗ ಹಗಲಿರುಳು ನೋಡಿಕೊಂಡಿದ್ದ ನರ್ಸ್ ಜೆನ್ನಿ ಮೆಕ್‌ಗೀ, ಸಿಗಬೇಕಾದ ಗೌರವವೂ ಸಂಬಳವೂ ಸಿಗುತ್ತಿಲ್ಲವೆಂದು ಕೆಲಸ ಬಿಟ್ಟರು. 2022ರ ಡಿಸೆಂಬರ್ 15ರಂದು ಅಲ್ಲಿನ ನರ್ಸ್‌ಗಳ ಸಂಘಟನೆಯಾದ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ತನ್ನ ನೂರಾ ಆರು ವರ್ಷದ ಇತಿಹಾಸದಲ್ಲೇ ಅತಿದೊಡ್ಡ ಮುಷ್ಕರಕ್ಕೆ ಇಳಿಯಿತು. ಆ ದೇಶದ ಆಸ್ಪತ್ರೆಗಳಲ್ಲಿ ಕೇರಳ, ಕರ್ನಾಟಕದಲ್ಲಿ ಓದಿ ಹೋದವರೂ ಸಾಕಷ್ಟಿದ್ದಾರೆ.

ವಲಸೆ ನರ್ಸ್‌ಗಳ ಕಷ್ಟವೇ ಒಂದು ಅಧ್ಯಾಯ. ಅಮೆರಿಕದ ನೋಂದಾಯಿತ ನರ್ಸ್‌ಗಳಲ್ಲಿ ಫಿಲಿಪ್ಪೀನ್ಸ್ ಮೂಲದವರು ಶೇ 4ರಷ್ಟು. 2020ರ ಸೆಪ್ಟೆಂಬರ್‌ವರೆಗೆ ಕೋವಿಡ್‌ನಿಂದ ಸತ್ತ ನರ್ಸ್‌ಗಳಲ್ಲಿ ಅವರ ಪಾಲು ಶೇ 30ಕ್ಕೂ ಹೆಚ್ಚು ಎಂದು ಅಲ್ಲಿನ ನರ್ಸ್‌ಗಳ ಒಕ್ಕೂಟ ಲೆಕ್ಕ ಕೊಟ್ಟಿತು. ಕುವೈತ್, ಸೌದಿಯಲ್ಲಿದ್ದ ಕರಾವಳಿಯ ನರ್ಸ್‌ಗಳಿಗೆ ವಿಮಾನಗಳೇ ನಿಂತುಹೋಗಿ, ಊರಿನಲ್ಲಿ ತಾಯಿ ತಂದೆ ಹಾಸಿಗೆ ಹಿಡಿದರೂ ಬರಲಾಗದ ತಿಂಗಳುಗಳವು.

ಹಾಗಾದರೆ ಯಾವುದು ನೆರವಾಗುತ್ತದೆ? ಈ ಪ್ರಶ್ನೆಗೆ ವಿಜ್ಞಾನದ ಉತ್ತರ ಇನ್ನೂ ತೆಳುವಾಗಿದೆ. ಸಾಂಕ್ರಾಮಿಕಗಳ ಕಾಲದಲ್ಲಿ ಆರೋಗ್ಯ ಸಿಬ್ಬಂದಿಯ ಮನೋಬಲ ಕಾಯುವ ಉಪಾಯಗಳ ಬಗ್ಗೆ ಕಾಕ್ರೇನ್ ಸಂಸ್ಥೆ 2020ರ ನವೆಂಬರ್‌ನಲ್ಲಿ ಪ್ರಕಟಿಸಿದ ಪರಾಮರ್ಶೆಗೆ ಸಿಕ್ಕಿದ್ದು 16 ಅಧ್ಯಯನ. ಅವುಗಳಲ್ಲಿ ಪರಿಣಾಮವನ್ನು ನಿಜವಾಗಿ ಅಳೆದದ್ದು ಒಂದೇ ಒಂದು, ಅದೂ ಎಬೋಲಾ ಕಾಲದ್ದು. ಕೆಲವು ಸಂಗತಿಗಳಂತೂ ಸ್ಪಷ್ಟ. ಆಘಾತದ ಬೆನ್ನಲ್ಲೇ ಎಲ್ಲರನ್ನೂ ಕೂರಿಸಿ ಒಂದೇ ಸಲ ಎಲ್ಲವನ್ನೂ ಹೇಳಿಸಿಬಿಡುವ ಪದ್ಧತಿ ಬೇಡವೆಂದು ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಖಡಾಖಂಡಿತವಾಗಿ ಹೇಳುತ್ತದೆ. ಅದಕ್ಕಿಂತ ಜೊತೆಗಾರರ ಆಸರೆ, ತನ್ನ ಪಾಳಿಯವರನ್ನು ಗಮನಿಸುವ ಹಿರಿಯ ಸಿಸ್ಟರ್, ಕೆಲಸದ ಕೊನೆಗೆ ಐದು ನಿಮಿಷ ನಿಂತು ಮಾತಾಡುವ ರೂಢಿ ಹೆಚ್ಚು ಬಾಳುತ್ತವೆ. 2020ರ ಆರಂಭದಲ್ಲಿ ಅಮೆರಿಕದ ತಜ್ಞರು 69 ವೈದ್ಯ, ನರ್ಸ್‌ಗಳ ಜೊತೆ ಕೂತು ಅವರಿಗೆ ಬೇಕಾದ್ದೇನೆಂದು ಕೇಳಿದಾಗ ಬಂದ ಉತ್ತರಗಳು ಸರಳವಾಗಿದ್ದವು: ನಮ್ಮ ಮಾತು ಕೇಳಬೇಕು, ನಮ್ಮನ್ನು ಕಾಪಾಡಬೇಕು, ಹೊಸ ಕೆಲಸಕ್ಕೆ ತಯಾರು ಮಾಡಬೇಕು, ಜೊತೆಗಿರಬೇಕು, ನಾವೇ ಮಲಗಿದರೆ ನೋಡಿಕೊಳ್ಳಬೇಕು.

ಕರ್ನಾಟಕದ ಮಟ್ಟಿಗೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಇರುವುದು ದೊಡ್ಡ ಬಲ. 2020ರ ಮಾರ್ಚ್ ಕೊನೆಯಲ್ಲೇ ಅದು ದೇಶಕ್ಕೆಲ್ಲ ಮನೋಸಾಮಾಜಿಕ ಸಹಾಯವಾಣಿ ತೆರೆಯಿತು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸೇವೆಗೂ ಅದೇ ಮುಖ್ಯ ಕೇಂದ್ರ. 14416 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆದರೆ ಕರೆ ಮಾಡಲು ನರ್ಸ್‌ಗಳು ಹಿಂಜರಿಯುವ ಕಾರಣವನ್ನು ಅರಿಯಬೇಕು. ತನಗೇ ಚಿಕಿತ್ಸೆ ಬೇಕೆಂದು ಗೊತ್ತಾದರೆ ಮೇಲಿನವರು ಏನೆಂದುಕೊಳ್ಳುತ್ತಾರೆ, ನಾಳೆ ಬಡ್ತಿಗೆ ತೊಡಕಾಗುತ್ತದೆಯೇ, ವಾರ್ಡಿನಲ್ಲಿ ಗುಸುಗುಸು ಹಬ್ಬುತ್ತದೆಯೇ ಎಂಬ ಅಳುಕು. ಅಮೆರಿಕದಲ್ಲಿ 2022ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಡಾ. ಲೋರ್ನಾ ಬ್ರೀನ್ ಕಾಯ್ದೆ ಆರೋಗ್ಯ ಸಿಬ್ಬಂದಿಯ ಮಾನಸಿಕ ಆರೋಗ್ಯಕ್ಕೆ ಹಣ ಮೀಸಲಿಟ್ಟಿತು. ಮೊದಲ ಅಲೆಯ ವೇಳೆ ಆತ್ಮಹತ್ಯೆ ಮಾಡಿಕೊಂಡ ನ್ಯೂಯಾರ್ಕಿನ ವೈದ್ಯೆಯ ಹೆಸರನ್ನು ಹೊತ್ತ ಈ ಕಾಯ್ದೆಯ ಹಿಂದೆ ಅವರ ಕುಟುಂಬದ ಹೋರಾಟವಿದೆ. ವೃತ್ತಿ ಪರವಾನಗಿಯ ಅರ್ಜಿಯಲ್ಲಿ ಹಳೆಯ ಮಾನಸಿಕ ಚಿಕಿತ್ಸೆಯ ವಿವರ ಕೇಳುವ ಪ್ರಶ್ನೆಗಳನ್ನು ತೆಗೆಸುವುದಕ್ಕೂ ಅವರು ಪಟ್ಟು ಹಿಡಿದಿದ್ದಾರೆ. ನಮ್ಮಲ್ಲಿ ಇಂಥ ಚರ್ಚೆ ಇನ್ನೂ ಹುಟ್ಟಿಯೇ ಇಲ್ಲ.

ಎಲ್ಲರೂ ಕುಸಿದರೆಂದು ಬರೆದರೆ ಅನ್ಯಾಯವಾದೀತು. ಬಹುಪಾಲು ನರ್ಸ್‌ಗಳು ನಿಂತರು. ವೆಂಟಿಲೇಟರಿನಿಂದ ಹೊರಬಂದ ರೋಗಿ ನಡೆದು ಮನೆಗೆ ಹೋಗುವಾಗ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದ ವಾರ್ಡುಗಳಲ್ಲಿ ನಿಜವಾದ ಸಂತೋಷವಿತ್ತು. ತನ್ನ ಕೆಲಸದ ತೂಕ ಆಗ ಗೊತ್ತಾಯಿತು ಎನ್ನುವವರೂ ಇದ್ದಾರೆ. ಆ ಬಲ ಅವರದ್ದೇ. ಅದನ್ನೇ ನೆಪ ಮಾಡಿಕೊಂಡು ವ್ಯವಸ್ಥೆ ಕೈಕಟ್ಟಿ ಕೂರಬಾರದು.

ಕಣ್ಣೆದುರಿನ ಲೆಕ್ಕ ಹೀಗಿದೆ. 2020ನ್ನು ವಿಶ್ವ ಆರೋಗ್ಯ ಸಂಸ್ಥೆ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ಇನ್ನೂರನೇ ವರ್ಷದ ನೆನಪಿಗೆ ನರ್ಸ್ ಮತ್ತು ಸೂಲಗಿತ್ತಿಯರ ವರ್ಷವೆಂದು ಮೊದಲೇ ಸಾರಿತ್ತು. ಆಗಲೇ ಜಗತ್ತಿಗೆ 59 ಲಕ್ಷ ನರ್ಸ್‌ಗಳ ಕೊರತೆ ಇತ್ತು. 2020ರ ಜನವರಿಯಿಂದ 2021ರ ಮೇವರೆಗೆ ಕೋವಿಡ್‌ಗೆ ಬಲಿಯಾದ ಆರೋಗ್ಯ ಸಿಬ್ಬಂದಿ 80 ಸಾವಿರದಿಂದ 1.8 ಲಕ್ಷದ ನಡುವೆ ಎಂದು ಅದೇ ಸಂಸ್ಥೆಯ ಅಂದಾಜು. ಬಳಲಿ ಬಿಟ್ಟುಹೋದವರು ಬೇರೆ: ಅಮೆರಿಕದಲ್ಲಿ ಮಹಾಮಾರಿಯ ಅವಧಿಯಲ್ಲಿ ಸುಮಾರು ಒಂದು ಲಕ್ಷ ನೋಂದಾಯಿತ ನರ್ಸ್‌ಗಳು ವೃತ್ತಿ ತೊರೆದರು. 2030ರ ಹೊತ್ತಿಗೆ ಕೊರತೆ 1.3 ಕೋಟಿಗೆ ಮುಟ್ಟಬಹುದು ಎಂದು ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿ ಎಚ್ಚರಿಸಿತ್ತು. ಆ ಕೊರತೆ ತುಂಬಿಕೊಳ್ಳಲು ಶ್ರೀಮಂತ ದೇಶಗಳು ಬರುವುದು ಬೆಂಗಳೂರು, ಮಂಗಳೂರಿನ ನರ್ಸಿಂಗ್ ಕಾಲೇಜುಗಳ ಬಾಗಿಲಿಗೆ. ಇಲ್ಲಿ ಗುತ್ತಿಗೆಯ ಮೇಲೆ ಕಾಯುತ್ತಿರುವವರು ವಿಮಾನ ಹತ್ತಿದರೆ ದೂರುವಂತಿಲ್ಲ.

ಮುಂದಿನ ಸಾಂಕ್ರಾಮಿಕ ಬರುವುದರೊಳಗೆ ಕರ್ನಾಟಕ ಸರ್ಕಾರ ಮಾಡಬಹುದಾದ ಕೆಲಸಗಳು ಕೈಗೆಟಕುವಷ್ಟು ಹತ್ತಿರದಲ್ಲಿವೆ. ಪ್ರತಿ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಯ ವಾರ್ಡಿನ ಬಾಗಿಲಲ್ಲಿ ಆ ಪಾಳಿಯ ನರ್ಸ್ ಮತ್ತು ರೋಗಿಗಳ ಸಂಖ್ಯೆಯನ್ನು ಫಲಕದಲ್ಲಿ ಬರೆಯಲಿ. ಖಾಲಿ ಹುದ್ದೆಗಳನ್ನು ಕಾಯಂ ಆಗಿ ತುಂಬಲಿ, ಖಾಸಗಿ ಆಸ್ಪತ್ರೆಗಳ ಸಂಬಳಕ್ಕೆ 2016ರ ಸಮಿತಿಯ ಶಿಫಾರಸನ್ನು ಕಾನೂನಾಗಿಸಲಿ. ರಾತ್ರಿ ಪಾಳಿಯವರು ಮಲಗಲು ಪ್ರತಿ ಆಸ್ಪತ್ರೆಯಲ್ಲೂ ಒಂದು ಶುಚಿಯಾದ ಕೋಣೆ ಇರಲಿ. ಸಮಾಲೋಚನೆಗೆ ಹೋದ ಸಿಬ್ಬಂದಿಯ ಹೆಸರು ಆಡಳಿತದ ಕಡತಕ್ಕೆ ಹೋಗದಂತೆ ಲಿಖಿತ ನಿಯಮ ಬರಲಿ. ಓದುಗರು ಮುಂದಿನ ಬಾರಿ ಆಸ್ಪತ್ರೆಗೆ ಹೋದಾಗ ಆ ಫಲಕ ಎಲ್ಲಿದೆ ಎಂದು ಕೇಳಲಿ, ಇಲ್ಲವೆಂದರೆ ತಮ್ಮ ಶಾಸಕರಿಗೆ ಪತ್ರ ಬರೆಯಲಿ.